ಮೂಗಿಗೆ ಎರಡು ಹನಿ ಎಣ್ಣೆ

ಮನುಷ್ಯನ ಗಂಟಲಿನಲ್ಲಿ ಎರಡು ದಾರಿಗಳಿವೆ. ಒಂದು ಅನ್ನದ್ದು, ಇನ್ನೊಂದು ಗಾಳಿಯದು. ಗಾಳಿಯ ದಾರಿಗೆ ಗಾಳಿಯನ್ನು ಬಿಟ್ಟು ಬೇರೇನನ್ನೂ ಹಾಕಬೇಡಿ ಎಂದು ಜನರಿಗೆ ಹೇಳುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಇದಕ್ಕೆ ಸರ್ಕಾರ ನನಗೆ ಸಂಬಳ ಕೊಟ್ಟಿತು, ಕೊನೆಗೆ ಒಂದು ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿತು. ಆ ಗಡಿಯಾರ ನಿಂತು ಬಹಳ ಕಾಲವಾಯಿತು.

ನನ್ನ ತಂಗಿಯ ಮೊಮ್ಮಗಳು ವೀಣಾ ಈಚೆಗೆ ನರ್ಸಿಂಗ್ ಮುಗಿಸಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಕೆಲಸಕ್ಕೆ ಸೇರಿದ್ದಾಳೆ. "ಅಜ್ಜಿ, ನಿಮ್ಮ ಕಾಲದಲ್ಲಿ ಹೇಗಿತ್ತು ಅಂತ ಬರೆದುಕೊಡಿ, ನಮ್ಮ ಹುಡುಗಿಯರೆಲ್ಲ ಓದ್ತೀವಿ" ಎಂದು ಗಂಟುಬಿದ್ದಳು. ಈಗಿನ ಹುಡುಗಿಯರು ಓದುತ್ತಾರೆ ಎಂದು ನಾನೇನೂ ನಂಬಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಹೋದ ವಾರ ಅವಳು ಇಲ್ಲಿಗೆ ಬಂದಾಗ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಇಷ್ಟೆಲ್ಲ ಹೇಳಲೇಬೇಕು.

ನಾನು ಸಾಗರದವಳು. ಶಿವಮೊಗ್ಗದಲ್ಲಿ ತರಬೇತಿ ಮುಗಿಸಿ, ಅರವತ್ತರ ದಶಕವನ್ನೆಲ್ಲ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಕಳೆದೆ. ಯಾವುದು ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯಿತೆಂದು ಹೇಳುವುದಿಲ್ಲ. ಆಗಿನ ಕೆಲವರು ಇನ್ನೂ ಬದುಕಿದ್ದಾರೆ, ಅವರಿಗೆ ನನ್ನ ಮನೆಯ ದಾರಿಯೂ ಗೊತ್ತು.

ಆಗಿನ ಕೆಲಸ ಹೇಗಿತ್ತೆಂದರೆ, ಬೆಳಿಗ್ಗೆ ಬಂದೊಡನೆ ಗಾಜಿನ ಸಿರಿಂಜುಗಳನ್ನು ಕುದಿಯಲು ಇಡಬೇಕು. ಸೂಜಿಗಳನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಒಂದೇ ಸೂಜಿ ಎಷ್ಟು ಜನರ ಕುಂಡೆ ನೋಡಿತ್ತೆಂದರೆ, ಅದಕ್ಕೆ ಊರಿನ ಜನಗಣತಿಯನ್ನೇ ಒಪ್ಪಿಸಬಹುದಿತ್ತು. ಔಷಧಿಯೆಂದರೆ ಪೆನ್ಸಿಲಿನ್, ಮತ್ತೆ ದೊಡ್ಡ ಜಾಡಿಯಲ್ಲಿದ್ದ ಕೆಂಪು ಮಿಕ್ಸ್ಚರ್. ಜನ ಪೆನ್ಸಿಲಿನ್‌ಗೆ ಹೆದರುತ್ತಿದ್ದರು, ಮಿಕ್ಸ್ಚರನ್ನು ನಂಬುತ್ತಿದ್ದರು. ನಮ್ಮ ದೊಡ್ಡ ಡಾಕ್ಟರು ಎರಡನ್ನೂ ನಂಬುತ್ತಿದ್ದರು.

ದೊಡ್ಡ ಡಾಕ್ಟರೆಂದರೆ ನನ್ನ ಮೊದಲ ಮೇಲಧಿಕಾರಿ. ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಅವರ ಪ್ರಕಾರ ಎದೆಯ ಕಾಯಿಲೆಗಳೆಲ್ಲ ಬರುವುದು ಥಂಡಿ ಗಾಳಿಯಿಂದ. ವಾರ್ಡಿಗೆ ಕಾಲಿಟ್ಟ ಕೂಡಲೇ "ಸಿಸ್ಟರ್, ಕಿಟಕಿ!" ಎನ್ನುತ್ತಿದ್ದರು. ನಾನು ಕಿಟಕಿ ಮುಚ್ಚುತ್ತಿದ್ದೆ. ಅವರು ಹೊರಟೊಡನೆ ರೋಗಿಗಳ ಕಡೆಯವರು ಬೀಡಿ ಹೊಗೆಗೆ ಉಸಿರುಗಟ್ಟಿ ಕಿಟಕಿ ತೆರೆಯುತ್ತಿದ್ದರು. ಒಳ್ಳೆಯ ಮನುಷ್ಯ, ಕೈಗುಣವೂ ಇತ್ತು. ಗಾಳಿಯ ವಿಷಯ ಬಂದರೆ ಮಾತ್ರ ಅವರ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ.

ಅವರ ಕಾಲದಲ್ಲಿ ಲಕ್ವ ಹೊಡೆದು ಪ್ರಜ್ಞೆ ತಪ್ಪಿದ್ದ ಹಿರಿಯರೊಬ್ಬರನ್ನು ಗಾಡಿಯಲ್ಲಿ ತಂದರು. ದೊಡ್ಡ ಮನೆತನ, ಹಿಂದೆಯೇ ನೆಂಟರಿಷ್ಟರೆಲ್ಲ ಬಂದರು. ಬದುಕುವ ಸಂಭವ ಇದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಮಗ ಅಷ್ಟರಲ್ಲಿ ವರದಮೂಲಕ್ಕೆ ಹೋಗಿ ತೀರ್ಥ ತಂದಾಗಿತ್ತು. ತಂದ ಮೇಲೆ ಸುಮ್ಮನೆ ಇಡುವುದು ಹೇಗೆ? ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮನೆಯವರೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರೂ ಒಂದೊಂದು ಉದ್ಧರಣೆ ತೀರ್ಥ ಅವರ ಬಾಯಿಗೆ ಬಿಡುತ್ತಿದ್ದರು. ಪ್ರಜ್ಞೆ ಇಲ್ಲದವರಿಗೆ ನುಂಗಲು ಬರುವುದಿಲ್ಲ, ಕೆಮ್ಮಲೂ ಬರುವುದಿಲ್ಲ. ನೀರು ಅನ್ನದ ದಾರಿ ಬಿಟ್ಟು ಗಾಳಿಯ ದಾರಿ ಹಿಡಿದಿತ್ತು. ಸಂಜೆಗೆ ಎದೆಯಲ್ಲಿ ಹುಕ್ಕದ ಹಾಗೆ ಗೊರಗೊರ ಸದ್ದು, ಮರುದಿನ ಕೆಂಡದಂಥ ಜ್ವರ.

"ಇವರನ್ನ ಲಕ್ವ ಕೊಲ್ಲೋದಿಲ್ಲ, ನೀವು ಕೊಲ್ತೀರಿ" ಎಂದು ದೊಡ್ಡ ಡಾಕ್ಟರು ಕೂಗಾಡಿದರು. ಎದೆಯ ನೀರು ಬಾಯಿಗೆ ಇಳಿದು ಬರಲೆಂದು ಮಂಚದ ಕಾಲ ಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಪೆನ್ಸಿಲಿನ್ ಕೊಟ್ಟು ಹೇಗೋ ಉಳಿಸಿಕೊಂಡೆವು. ಮಾತು ಅರ್ಧಂಬರ್ಧ ಬಂದ ಮೇಲೆ ಅವರು ಮೊದಲು ವಿಚಾರಿಸಿದ್ದು, ತಮಗೆ ತೀರ್ಥ ಬಿಡಲು ಯಾರು ಬಂದಿದ್ದರು, ಯಾರು ಬರಲಿಲ್ಲ ಎಂಬುದನ್ನು. ತಮ್ಮ ಮಾತ್ರ ಬಂದಿರಲಿಲ್ಲ. ಅವನ ಜೊತೆ ಮಾತು ಬಿಟ್ಟರು. ನಿಜ ನೋಡಿದರೆ, ಮನೆಯವರಲ್ಲಿ ಅವರ ಪ್ರಾಣ ಉಳಿಸಲು ನೆರವಾದವನು ಅವನೊಬ್ಬನೇ.

ಸೀಮೆಎಣ್ಣೆ ಕುಡಿದ ಮಕ್ಕಳೂ ಆಗಾಗ ಬರುತ್ತಿದ್ದರು. ಬುಡ್ಡಿಗೆ ಹಾಕುವ ಎಣ್ಣೆಯನ್ನು ಜನ ಶರಬತ್ತಿನ ಬಾಟಲಿಯಲ್ಲೇ ಇಡುತ್ತಿದ್ದರು, ಅದೂ ಮಕ್ಕಳ ಕೈಗೆ ಎಟುಕುವ ಹಾಗೆ. ಹೊಟ್ಟೆಗೆ ಹೋದ ಸೀಮೆಎಣ್ಣೆ ಅಷ್ಟು ಕೆಡುಕು ಮಾಡುವುದಿಲ್ಲ. ಮನೆಯವರು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾರಲ್ಲ, ಆಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಾರನೇ ದಿನಕ್ಕೆ ನ್ಯುಮೋನಿಯಾ. ಮನೆಯವರನ್ನು ಬೈದು ಪ್ರಯೋಜನವಿರಲಿಲ್ಲ, ಆಗ ನಮ್ಮ ಪುಸ್ತಕವೂ ಹೊಟ್ಟೆ ತೊಳೆಯಿರಿ ಎಂದೇ ಹೇಳುತ್ತಿತ್ತು. ಮುಂದೆ ಬಂದ ಪುಸ್ತಕ, ಅಪ್ಪಿತಪ್ಪಿಯೂ ವಾಂತಿ ಮಾಡಿಸಬೇಡಿ ಎಂದಿತು. ಎರಡು ಪುಸ್ತಕಗಳ ನಡುವೆ ಸಿಕ್ಕಿಕೊಂಡ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ.

ಈಗ ಚೌಡಮ್ಮನ ವಿಷಯಕ್ಕೆ ಬರುತ್ತೇನೆ.

ಚೌಡಮ್ಮ ಈಗ ವೀಣಾ ಇರುವ ನಗರದ ಆಚೆಯ ಒಂದು ಹಳ್ಳಿಯವಳು, ಗೇಣಿ ಗದ್ದೆ ಮಾಡುತ್ತಿದ್ದ ಮನೆ. ಅವಳ ಹೆಸರು ಸುತ್ತಲಿನ ಹಳ್ಳಿಗಳಲ್ಲೆಲ್ಲ ಗೊತ್ತಿತ್ತು, ಏಕೆಂದರೆ ಎಳೆಮಕ್ಕಳನ್ನು ಮೀಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿಗೆ ನೀರು ಹಾಕಲು ಅವಳಿಗೇ ಹೇಳಿಕಳಿಸುತ್ತಿದ್ದರು. ಅವಳು ಸೊಸೆ ಗಿರಿಜೆಯನ್ನೂ ಆಕೆಯ ಹೆಣ್ಣುಮಗುವನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದಾಗ ಮಗುವಿಗೆ ಮೂರು ತಿಂಗಳಿದ್ದಿರಬೇಕು. ಪಕ್ಕೆ ಸೆಳೆಯುತ್ತಿತ್ತು, ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಗಿರಿಜೆಯ ಮೊದಲ ಮಗು, ಮಂಜ ಎಂಬ ಹುಡುಗ, ಹಿಂದಿನ ವರ್ಷ ಇದೇ ಪಕ್ಕೆ ಸೆಳೆತದಲ್ಲಿ ಮನೆಯಲ್ಲೇ ಹೋಗಿದ್ದ. ಆದ್ದರಿಂದ ಈ ಸಲ ತಡಮಾಡದೆ ತಂದಿದ್ದರು.

ಗಿರಿಜೆ ಒಂದೇ ಮಾತು ಕೇಳಿದಳು. "ಇದಾದ್ರೂ ಉಳೀತದಾ ನರ್ಸಮ್ಮಾ?"

"ಉಳಿಯುತ್ತೆ" ಎಂದೆ. ಉಳಿಯಿತು ಕೂಡ. ಪೆನ್ಸಿಲಿನ್‌ಗೆ ಜ್ವರ ಇಳಿಯಿತು, ಮನೆಗೆ ಹೋದರು. ಕೆಲವು ವಾರ ಕಳೆದ ಮೇಲೆ ಅದೇ ಮಗು, ಅದೇ ಪಕ್ಕೆ ಸೆಳೆತ. ಮತ್ತೆ ಗುಣ, ಮತ್ತೆ ಮನೆ, ಮತ್ತೆ ಆಸ್ಪತ್ರೆ. ದೊಡ್ಡ ಡಾಕ್ಟರು ಅವರ ಮನೆಯ ಕಿಟಕಿಗಳ ಬಗ್ಗೆ ವಿಚಾರಿಸಿದರು. ಮನೆಗೆ ಕಿಟಕಿಯೇ ಇಲ್ಲವೆಂದು ತಿಳಿದಾಗ ಅವರಿಗೆ ಬಹಳ ಪೇಚಾಯಿತು.

ಆಸ್ಪತ್ರೆಯಲ್ಲಿದ್ದಾಗಲೂ, ಜ್ವರ ಇಳಿದ ಮರುದಿನದಿಂದ, ಚೌಡಮ್ಮ ಮಗುವನ್ನು ಹಿಂದಿನ ಬಚ್ಚಲಿಗೆ ಒಯ್ದು ಮೀಸುತ್ತಿದ್ದಳು. ನಾನು ಎಷ್ಟೋ ಸಲ ಕೆಲಸ ಬಿಟ್ಟು ಅದನ್ನು ನೋಡುತ್ತ ನಿಂತಿದ್ದೇನೆ. ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಅಂಗಾತ ಹಾಕಿಕೊಂಡು, ನೆತ್ತಿಗೆ, ಎದೆಗೆ, ಬೆನ್ನಿಗೆ ಎಣ್ಣೆ ತಿಕ್ಕಿ, ಕೈಕಾಲು ಮಡಚಿ ಬಿಡಿಸಿ, ಬಿಸಿನೀರು ಹೊಯ್ಯುತ್ತಿದ್ದರೆ ಅದೊಂದು ಸೊಗಸು. ನೀರು ಹೊಯ್ದಾದ ಮೇಲೆ ಬೆರಳನ್ನು ಕೊಬ್ಬರಿ ಎಣ್ಣೆಗೆ ಅದ್ದಿ, ಒಂದೊಂದು ಹೊಳ್ಳೆಗೂ ಎರಡೆರಡು ಹನಿ ಬಿಡುತ್ತಿದ್ದಳು. ವಾರಕ್ಕೊಮ್ಮೆ ಹರಳೆಣ್ಣೆ. ಅದನ್ನು ಮಕ್ಕಳಿಗೆ ಹಾಲು ಕುಡಿಸುವ ಒಳಲೆಗೆ ಹಾಕಿ, ಮೂಗು ಹಿಡಿದು ಬಾಯಿಗೆ ಹೊಯ್ಯುತ್ತಿದ್ದಳು. ಮೂಗು ಕಟ್ಟಿದ ಮಗು ಉಸಿರಿಗೆ ಬಾಯಿ ತೆರೆಯುತ್ತದೆ, ಎಣ್ಣೆ ಒಳಗೆ ಹೋಗುತ್ತದೆ. ಮಗು ಕಿರುಚಿ ಅತ್ತರೆ ಎದೆ ಹಗುರಾಯಿತೆಂದು ಲೆಕ್ಕ. ನಮ್ಮ ಮನೆಯಲ್ಲೂ ಮಕ್ಕಳನ್ನು ಹೀಗೇ ಮೀಸುತ್ತಿದ್ದರು. ದೊಡ್ಡ ಡಾಕ್ಟರೂ ಒಮ್ಮೆ ನೋಡಿ, ಶೀತಕ್ಕೆ ಒಳ್ಳೆಯದು ಎಂದು ತಲೆಯಾಡಿಸಿ ಹೋಗಿದ್ದರು.

ಅಷ್ಟರಲ್ಲಿ ಅವರಿಗೆ ವರ್ಗವಾಗಿ, ಅವರ ಜಾಗಕ್ಕೆ ವಾಸುದೇವಮೂರ್ತಿ ಎಂಬ ಹೊಸ ಡಾಕ್ಟರು ಬಂದರು. ಮೈಸೂರು ಕಡೆಯವರು, ತೆಳ್ಳಗೆ, ಮಾತು ಮೆಲ್ಲಗೆ. ಜನ ಅವರನ್ನು ಸಣ್ಣ ಡಾಕ್ಟರು ಎಂದರು. ಬಂದ ದಿನವೇ ಕಿಟಕಿಗಳನ್ನೆಲ್ಲ ತೆರೆಸಿದರು. ಚೌಡಮ್ಮನ ಮೊಮ್ಮಗಳು ಮತ್ತೆ ಬಂದಾಗ, ಸ್ವಲ್ಪ ಗುಣವಾದೊಡನೆ ಶಿವಮೊಗ್ಗಕ್ಕೆ ಕಳಿಸಿ ಎಕ್ಸ್-ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ "ಸಿಸ್ಟರ್, ಈ ಮಗುವಿನ ಹೊಟ್ಟೆಗೆ, ಮೂಗಿಗೆ, ಬಾಯಿಗೆ ಏನೇನು ಹೋಗುತ್ತೆ?" ಎಂದು ಕೇಳಿದರು. ನಾನು ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದೆ.

ಅವರು ಅಲ್ಲಿಯೇ, ಒದ್ದೆ ಕಲ್ಲಿನ ಮೇಲೆ, ಚೌಡಮ್ಮನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. "ಅಜ್ಜಿ, ಮೂಗಿಗೆ ಎಣ್ಣೆ ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತೆ."

"ಎಣ್ಣೆ ಬಿಡ್ದಿದ್ರೆ ಮೂಗು ಕಟ್ಟಲ್ವಾ ಡಾಕ್ಟ್ರೇ? ಕಫ ಇಳಿಯೋದು ಹೆಂಗೆ?"

"ಹಾಲೋ ನೀರೋ ತಪ್ಪಿ ಗಾಳಿಯ ದಾರಿಗೆ ಹೋದರೆ ಮಗು ಕೆಮ್ಮುತ್ತೆ, ಕೆಮ್ಮಿ ಹೊರಗೆ ಹಾಕುತ್ತೆ. ಎಣ್ಣೆ ಹಾಗಲ್ಲ. ಕೆಮ್ಮೇ ಬರೋದಿಲ್ಲ, ಸದ್ದಿಲ್ಲದೆ ಇಳಿದುಬಿಡುತ್ತೆ. ಇಳಿದದ್ದು ಅಲ್ಲೇ ಕೂತು ಉರಿ ಎಬ್ಬಿಸುತ್ತೆ. ಬಟ್ಟೆಗೆ ನೀರು ಬಿದ್ದರೆ ಆರುತ್ತೆ, ಅಲ್ವಾ? ಎಣ್ಣೆ ಬಿದ್ದರೆ ಏನು ಮಾಡ್ತೀರಿ?"

"ಸೀಗೆಪುಡಿ ಹಾಕಿ ತೊಳೀತೀವಿ" ಎಂದಳು ಚೌಡಮ್ಮ.

ಸಣ್ಣ ಡಾಕ್ಟರು ಸ್ವಲ್ಪ ಯೋಚಿಸಿ, "ಶ್ವಾಸಕೋಶಕ್ಕೆ ಸೀಗೆಪುಡಿ ಹಾಕೋಕೆ ಆಗಲ್ಲ ಅಜ್ಜಿ" ಎಂದರು.

"ಅಲ್ಲ ಡಾಕ್ಟ್ರೇ, ನಾ ಮೀಸಿದ ಮಕ್ಳು ಈಗ ಗದ್ದೆ ಹೂಡ್ತಾ ಅದಾವೆ. ಅವ್ಕೆಲ್ಲ ಎಂತಾಗಿದೆ ಹೇಳಿ?"

"ಹೂಡ್ತಾ ಇರೋರು ಉಳಿದವರು ಅಜ್ಜಿ."

ಈ ಮಾತನ್ನು ಅವರು ಚುಚ್ಚಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ. ಚೌಡಮ್ಮನ ಕೈ ನಿಂತಿತು. ಗಿರಿಜೆ ಬಾಗಿಲಲ್ಲಿ ನಿಂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವತ್ತು ಚೌಡಮ್ಮ ಮಗುವಿನ ಮೂಗಿಗೆ ಎಣ್ಣೆ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆಸ್ಪತ್ರೆಯ ಹಂಡೆ ತೂತಾಗಿತ್ತು. ಅದನ್ನು ಸರಿಮಾಡಿಸಿ ಎಂದು ನಾವು ಹೇಳುತ್ತಲೇ ಇದ್ದೆವು. ಬಿಸಿನೀರು ಬೇಕಾದವರು ಆಸ್ಪತ್ರೆಯ ಹಿಂದೆಯೇ ಇದ್ದ ಡಾಕ್ಟರ ಕ್ವಾರ್ಟರ್ಸಿಗೆ ಹೋಗಿ ತರುತ್ತಿದ್ದರು. ಸಣ್ಣ ಡಾಕ್ಟರಿಗೂ ಆಗಷ್ಟೇ ಗಂಡುಮಗುವಾಗಿತ್ತು. ಹೆಂಡತಿ ತವರಿನಿಂದ ಬಂದಿದ್ದರು, ಮಗುವನ್ನು ನೋಡಿಕೊಳ್ಳಲು ಡಾಕ್ಟರ ತಾಯಿ ಸೀತಮ್ಮನವರೂ ಬಂದಿದ್ದರು. ಚೌಡಮ್ಮ ಕೊಡ ಹಿಡಿದುಕೊಂಡು ಹೋದವಳು ಖಾಲಿ ಕೊಡ ಹಿಡಿದುಕೊಂಡು ಬಂದಳು. ಮುಖ ಬಿಗಿದಿತ್ತು.

"ನರ್ಸಮ್ಮಾ, ಡಾಕ್ಟ್ರ ಮನೇಲಿ ಡಾಕ್ಟ್ರ ತಾಯಿ ಡಾಕ್ಟ್ರ ಮಗೀಗೆ ಮೂಗಿಗೆ ಎಣ್ಣೆ ಬಿಡ್ತಾ ಕೂತಿದಾರೆ. ಒಂದು ಹನಿ ಅಲ್ಲ, ಧಾರಾಳವಾಗಿ. ಅವ್ರ ಮಗೀಗೆ ಒಳ್ಳೇದು, ನಮ್ಮದಕ್ಕೆ ಬ್ಯಾಡ, ಅಲ್ದಾ?"

ಅತ್ತೆ ಸೊಸೆ ಅವತ್ತೇ ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಗಿರಿಜೆ ಹೋಗುವಾಗ ತಿರುತಿರುಗಿ ನನ್ನನ್ನು ನೋಡುತ್ತಿದ್ದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ, ಆ ಮನೆಯಲ್ಲಿ ಮಗು ಮೀಸುವುದು ಅತ್ತೆಯ ಕೆಲಸ.

ವಿಷಯ ತಿಳಿಸಿದಾಗ ಸಣ್ಣ ಡಾಕ್ಟರ ಕಿವಿ ಕೆಂಪಾಯಿತು. ಮನೆಯಲ್ಲಿ ಎಣ್ಣೆ ಬಿಡುತ್ತಿರುವುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. "ಅಮ್ಮನಿಗೆ ನಾನು ಯಾವತ್ತೂ ಎದುರು ಮಾತಾಡಿದವನಲ್ಲ ಸಿಸ್ಟರ್. ನೀವು ಹೆಂಗಸರು, ನೀವು ಹೇಳಿದರೆ ಸರಿಹೋಗುತ್ತೆ" ಎಂದರು. ನಮ್ಮ ಕೆಲಸದಲ್ಲಿ ಡಾಕ್ಟರಿಗೆ ಹೇಳಲಾಗದ್ದನ್ನೆಲ್ಲ ಹೇಳುವವರು ನಾವೇ. ಸತ್ತ ಸುದ್ದಿ, ಹೆಣ್ಣು ಹುಟ್ಟಿದ ಸುದ್ದಿ, ಮಂಚ ಖಾಲಿ ಇಲ್ಲವೆಂಬ ಸುದ್ದಿ ಎಲ್ಲ ನಮ್ಮ ಬಾಯಿಂದಲೇ ಹೋಗಬೇಕು. ಹೋದೆ.

ಸೀತಮ್ಮನವರು ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಸಮಾಧಾನದಿಂದ ಹೇಳಿದರು. "ಇವನನ್ನ ಹೀಗೇ ಎಣ್ಣೆ ಬಿಟ್ಟು ಬೆಳೆಸಿದ್ದು ಕಣಮ್ಮ. ಏನಾಯ್ತು? ಡಾಕ್ಟರ್ ಆದ."

ನಾನು ಹೊರಗೆ ಬಂದಾಗ ಸಣ್ಣ ಡಾಕ್ಟರು ಬಾವಿಕಟ್ಟೆಯ ಹತ್ತಿರ ಏನೋ ಹುಡುಕುತ್ತಿರುವವರ ಹಾಗೆ ನಿಂತಿದ್ದರು. "ಏನಂದ್ರು?" ಎಂದು ಕೇಳಿದರು.

"ನೀವು ಡಾಕ್ಟರ್ ಆಗಿದೀರಂತೆ ಸಾರ್" ಎಂದೆ.

ಆ ವರ್ಷದ ಕೊಯ್ಲಿನ ಹೊತ್ತಿಗೆ ಚೌಡಮ್ಮನ ಮೊಮ್ಮಗಳನ್ನು ಮತ್ತೆ ತಂದರು. ಈ ಸಲ ಅಳುವ ಶಕ್ತಿಯೂ ಇರಲಿಲ್ಲ. ತುಟಿಯ ಸುತ್ತ ನೀಲಿ ತಿರುಗಿತ್ತು. ಒಂದೊಂದು ಉಸಿರಿಗೂ ಪಕ್ಕೆಯೆಲುಬಿನ ಕೆಳಗೆ ಹೊಂಡ ಬೀಳುತ್ತಿತ್ತು, ಉಸಿರು ಬಿಡುವಾಗ ಬೆಕ್ಕಿನ ಮರಿಯ ಹಾಗೆ ನರಳುತ್ತಿತ್ತು. ನಮ್ಮಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಇತ್ತು. ಪುಣ್ಯಕ್ಕೆ ಅದರಲ್ಲಿ ಆಕ್ಸಿಜನ್ನೂ ಇತ್ತು. ಪೆನ್ಸಿಲಿನ್ ಕೊಟ್ಟೆವು. ಎದೆಹಾಲು ಹಿಂಡಿಸಿ ಸಣ್ಣ ನಳಿಗೆಯಿಂದ ಹೊಟ್ಟೆಗೆ ಬಿಟ್ಟೆವು, ಬಾಯಿಗೆ ಕೊಟ್ಟರೆ ಅದೂ ತಪ್ಪು ದಾರಿ ಹಿಡಿಯುವ ಹೆದರಿಕೆ. ಸಣ್ಣ ಡಾಕ್ಟರು ಮಗುವಿನ ಪಕ್ಕ ಬಿಟ್ಟು ಏಳಲಿಲ್ಲ. ಚೌಡಮ್ಮ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು. ಗಿರಿಜೆ ಈ ಸಲ ಏನನ್ನೂ ಕೇಳಲಿಲ್ಲ. ನನಗೆ ಅಳು ಬಂತು, ಹೋಗಿ ಸಿರಿಂಜು ತೊಳೆದೆ.

ಮಗ ಊಟಕ್ಕೆ ಬರಲಿಲ್ಲವೆಂದು ಸೀತಮ್ಮನವರು ಕ್ಯಾರಿಯರ್ ಹಿಡಿದುಕೊಂಡು ವಾರ್ಡಿಗೇ ಬಂದರು. "ಏನೋ ಇದು, ಹೊತ್ತು ಗೊತ್ತು ಬೇಡವೇನೋ" ಎನ್ನುತ್ತ ಬಂದವರು ಮಂಚದ ಹತ್ತಿರ ನಿಂತುಬಿಟ್ಟರು. ಮಗುವನ್ನು ನೋಡಲಿಲ್ಲ, ಆ ನರಳುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಕ್ಯಾರಿಯರನ್ನು ಮೆಲ್ಲನೆ ನೆಲಕ್ಕಿಟ್ಟರು.

"ಈ ಸದ್ದು ನನಗೆ ಗೊತ್ತು ಕಣೋ" ಎಂದರು. "ನಿನಗಿಂತ ಮೊದಲು ಇಬ್ಬರಿದ್ದರು."

ಸಣ್ಣ ಡಾಕ್ಟರು ತಲೆ ಎತ್ತಿದರು. ನಮ್ಮೆಲ್ಲರ ಎದುರಿಗೆ, ತಾಯಿಯ ಮುಖ ನೋಡುತ್ತ ಹೇಳಿದರು. "ಅಮ್ಮ, ಈ ಮಗುವಿಗೆ ಹೀಗಾಗಿರೋದು ಎಣ್ಣೆಯಿಂದ. ನಮ್ಮ ಮಗುವಿಗೂ ಬಿಡಬೇಡ. ನಾನು ಮೊದಲೇ ಹೇಳಬೇಕಿತ್ತು."

ಸೀತಮ್ಮನವರು ಜಗಳ ಆಡುತ್ತಾರೆಂದುಕೊಂಡೆ. ಆಡಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು ಚೌಡಮ್ಮನ ಪಕ್ಕ ನೆಲದ ಮೇಲೆಯೇ ಕೂತರು. ಆ ಕಾಲದಲ್ಲಿ ಅವರಂಥವರು ಹಾಗೆ ಕೂರುತ್ತಿರಲಿಲ್ಲ.

"ನೋಡಮ್ಮ, ನೀನು ಅವತ್ತು ನೋಡಿದ್ದು ನಿಜ. ನಾನೂ ಬಿಡ್ತಿದ್ದೆ. ಇವನ ಮಾತನ್ನ ನಾನೂ ಕೇಳಿರಲಿಲ್ಲ. ಇನ್ನು ಬಿಡಲ್ಲ. ನೀನೂ ಬಿಡಬೇಡ."

ಚೌಡಮ್ಮ ಕಣ್ಣು ಒರೆಸಿಕೊಂಡು ಅವರನ್ನು ದಿಟ್ಟಿಸಿದಳು. "ಬಿಡಲ್ಲ ಅಂತ ನೀವು ಹೇಳ್ತೀರಿ. ಮನೆ ಒಳಗೆ ಎಂತ ಮಾಡ್ತೀರಿ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಅಮ್ಮಾ?"

ಸಾಯುವ ಹಾಗಿರುವ ಮೊಮ್ಮಗಳ ಪಕ್ಕ ಕೂತು ಕೇಳುವ ಮಾತೇ ಎಂದು ನನಗೆ ಸಿಟ್ಟು ಬಂತು. ಸೀತಮ್ಮನವರಿಗೆ ಬರಲಿಲ್ಲ. "ಹಾಗಾದರೆ ನಾಳೆಯಿಂದ ನನ್ನ ಮೊಮ್ಮಗನನ್ನ ಇಲ್ಲೇ ತಂದು ಮೀಸ್ತೀನಿ. ನೀನೇ ಕೂತು ನೋಡು" ಎಂದರು.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಡಾಕ್ಟರ ಮಗುವನ್ನೂ ಬಿಸಿನೀರನ್ನೂ ಆಸ್ಪತ್ರೆಯ ಬಚ್ಚಲಿಗೆ ತಂದರು. ಸುದ್ದಿ ಹಬ್ಬಿ ಬಾಣಂತಿಯರು, ರೋಗಿಗಳ ಕಡೆಯವರು, ಅಡಿಗೆಯವಳು ಎಲ್ಲ ಬಚ್ಚಲ ಬಾಗಿಲಲ್ಲಿ ಮುತ್ತಿದರು. ಜಿಲ್ಲೆಯ ದೊಡ್ಡ ಅಧಿಕಾರಿ ಬಂದು ಆರೋಗ್ಯದ ಬಗ್ಗೆ ಭಾಷಣ ಮಾಡಿದಾಗಲೂ ಅಷ್ಟು ಜನ ಸೇರಿರಲಿಲ್ಲ. ಚೌಡಮ್ಮ ಮುಂದೆಯೇ ಕೂತು, ನೀರು ಹೊಯ್ಯುವುದು ಸಾಲದು, ಬೆನ್ನು ತಿಕ್ಕುವುದು ಹಾಗಲ್ಲ ಎಂದು ನಡುನಡುವೆ ತಿದ್ದುತ್ತಿದ್ದಳು. ನೀರು ಹೊಯ್ದಾದ ಮೇಲೆ ಸೀತಮ್ಮನವರ ಕೈ ತಾನಾಗಿಯೇ ಎಣ್ಣೆ ಬಟ್ಟಲಿನತ್ತ ಹೋಯಿತು. ನಡುವೆ ನಿಂತಿತು. ಬರಿಯ ಬೆರಳನ್ನೇ ಮಗುವಿನ ಮೂಗಿಗೆ ಮುಟ್ಟಿಸಿ ಹಿಂದಕ್ಕೆ ತೆಗೆದುಕೊಂಡರು.

"ಕೈ ಕೇಳಲ್ಲ, ಅಲ್ದಾ ಅಮ್ಮಾ?" ಎಂದಳು ಚೌಡಮ್ಮ.

"ಇಷ್ಟು ವರ್ಷದ ಕೈ ಕಣಮ್ಮ" ಎಂದರು ಸೀತಮ್ಮನವರು.

ಹುಡುಗಿಯರೇ, ಗಮನಿಸಿ. ಸಣ್ಣ ಡಾಕ್ಟರ ಎಕ್ಸ್-ರೇ, ಬಟ್ಟೆಯ ಉದಾಹರಣೆ, ನನ್ನ ಉಪದೇಶ ಯಾವುದೂ ಮಾಡದ ಕೆಲಸವನ್ನು ಆ ಖಾಲಿ ಬೆರಳು ಮಾಡಿತು. ನೀವು ಯಾರ ಮನೆಗಾದರೂ ಹೋಗಿ ಏನನ್ನಾದರೂ ಬಿಡಿ ಎಂದು ಹೇಳುವ ಮೊದಲು, ಅದನ್ನು ನಿಮ್ಮ ಮನೆಯಲ್ಲಿ ಬಿಟ್ಟಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಹಂಡೆಯನ್ನೂ ಬೇಗ ಸರಿಮಾಡಿಸಿಕೊಳ್ಳಿ. ಅಥವಾ ಮಾಡಿಸಬೇಡಿ, ನನಗೆ ಈಗಲೂ ಗೊತ್ತಿಲ್ಲ.

ಮಗು ಉಳಿಯಿತು. ಒಂದೇ ದಿನದಲ್ಲಿ ಅಲ್ಲ. ಜ್ವರ ಇಳಿದರೂ ಉಸಿರು ಹಗುರಾಗಲು ಬಹಳ ಕಾಲ ಹಿಡಿಯಿತು. ಒಳಗೆ ಕೂತ ಎಣ್ಣೆಯನ್ನು ತೆಗೆಯುವ ಔಷಧಿ ನಮ್ಮಲ್ಲಿ ಇರಲಿಲ್ಲ, ಹೊಸದಾಗಿ ಬೀಳದ ಹಾಗೆ ನೋಡಿಕೊಂಡು ಕಾಯುವುದಷ್ಟೇ ಇದ್ದದ್ದು. ಮೊದಲ ಸಲ ಅದು ಗಟ್ಟಿಯಾಗಿ ಅತ್ತಾಗ ಗಿರಿಜೆ ನಕ್ಕಳು. ಅವಳಿಗೆ ನಗು ಬರುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

ಮನೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಬ್ಯಾಂಡೇಜು ಬಟ್ಟೆ ಹರಿಯುತ್ತ ಕೂತಿದ್ದೆ. ಚೌಡಮ್ಮ ಬಂದು ಪಕ್ಕದಲ್ಲಿ ಕೂತಳು. ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದಳು.

"ನರ್ಸಮ್ಮಾ, ಒಂದು ಕೇಳ್ತೀನಿ, ನಿಜ ಹೇಳ್ಬೇಕು."

"ಕೇಳು ಚೌಡಮ್ಮ."

"ಹಂಗಾರೆ ಮಂಜ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಉತ್ತರವನ್ನೂ ಯೋಚಿಸಿಟ್ಟುಕೊಂಡಿದ್ದೆ. ಹೇಳಿದ್ದು ಮಾತ್ರ ಬೇರೆ.

"ನಾನು ಅವನನ್ನ ನೋಡಿಲ್ಲ ಚೌಡಮ್ಮ" ಎಂದೆ. "ಮಕ್ಕಳಿಗೆ ಜ್ವರ ಬರೋಕೆ ನೂರು ಕಾರಣ ಇರುತ್ತೆ. ನೋಡದೆ ನಾನು ಹೇಗೆ ಹೇಳಲಿ?"

"ನೀವು ನೋಡಿಲ್ಲ, ಹೌದು" ಎಂದಳು ಚೌಡಮ್ಮ. "ನಾ ನೋಡಿದೀನಲ್ಲ." ಎಲೆಯಡಿಕೆಯನ್ನು ಮತ್ತೆ ಸಂಚಿಗೆ ಹಾಕಿಕೊಂಡು ಎದ್ದು ಹೋದಳು.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ಮೀಸಿದಳು. ಎಂದಿನ ಹಾಗೆ ಕಾಲು ಚಾಚಿ ಕೂತು, ಎಂದಿನ ಹಾಗೆ ನೀರು ಹೊಯ್ದು, ಕೊನೆಗೆ ಒಣ ಬೆರಳನ್ನು ಮಗುವಿನ ಎರಡು ಹೊಳ್ಳೆಗೂ ಮುಟ್ಟಿಸಿದಳು. ಮುಟ್ಟಿಸುವಾಗ ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ, "ಮಂಜಂಗೆ ಸಾಕು, ನಿಂಗೆ ಬ್ಯಾಡ" ಎಂದಳು. ಗಿರಿಜೆ ಕೇಳಿಸಿಕೊಂಡ ಹಾಗೆ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಆಮೇಲೆ ನನಗೆ ವರ್ಗವಾಯಿತು, ಸಣ್ಣ ಡಾಕ್ಟರಿಗೂ ಆಯಿತು. ಅವರ ಮಗು ಚೆನ್ನಾಗಿ ಬೆಳೆಯಿತು, ಡಾಕ್ಟರ್ ಆಗಲಿಲ್ಲ. ಚೌಡಮ್ಮ ಮುಂದೆಯೂ ಊರೂರಿನ ಮಕ್ಕಳನ್ನು ಮೀಸುತ್ತಿದ್ದಳೆಂದು ಆ ಕಡೆಯಿಂದ ಬಂದ ಬಾಣಂತಿಯರು ಹೇಳುತ್ತಿದ್ದರು. ಮೂಗಿಗೆ ಎಣ್ಣೆ ಇಲ್ಲ, ಮೂಗು ಹಿಡಿದು ಹರಳೆಣ್ಣೆ ಹೊಯ್ಯುವುದಿಲ್ಲ, ಬಿಡಲೇಬೇಕು ಎಂದು ಹಟ ಹಿಡಿದ ಮನೆಯಲ್ಲಿ ನೀರೇ ಹಾಕುವುದಿಲ್ಲ ಎಂದು. ಅವಳು ತೀರಿಕೊಂಡ ಸುದ್ದಿಯೂ ಹಾಗೆಯೇ ಯಾರಿಂದಲೋ ಬಂತು.

ಹೋದ ವಾರ ವೀಣಾ ಬಂದವಳು ತನ್ನ ಹಳ್ಳಿಗಳ ವಿಚಿತ್ರಗಳನ್ನು ಹೇಳುತ್ತಿದ್ದಳು. "ಅಲ್ಲಿ ಕೆಲವು ಮನೆಗಳಲ್ಲಿ ಮಗು ಮೀಸುವಾಗ ಒಂದು ಶಾಸ್ತ್ರ ಇದೆ ಅಜ್ಜಿ. ಕೊನೆಗೆ ಒಣ ಬೆರಳನ್ನ ಮೂಗಿಗೆ ಮುಟ್ಟಿಸ್ತಾರೆ. 'ಮಂಜಂಗೆ ಸಾಕು, ನಿಂಗೆ ಬ್ಯಾಡ' ಅಂತ ಏನೋ ಹೇಳ್ತಾರೆ. ಯಾಕೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಮಂಜ ಅಂದ್ರೆ ಯಾವುದೋ ದೇವರು, ಎಳೆಮಕ್ಕಳನ್ನ ಕಾಯುತ್ತೆ ಅಂತಾರೆ. ಬರೀ ಮೂಢನಂಬಿಕೆ. ಮುಂದಿನ ತಾಯಂದಿರ ಸಭೆಯಲ್ಲಿ ಅದನ್ನ ನಿಲ್ಲಿಸಿ ಅಂತ ಹೇಳೋಣ ಅಂತಿದೀನಿ."

ನಾನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡೆ. ಅವಳು ಗಾಬರಿಯಾಗಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

"ಬೆರಳು ಒಣಗಿದೆಯಾ ಅಂತ ನೋಡು" ಎಂದೆ. "ಒಣಗಿದ್ದರೆ ಏನೂ ಹೇಳದೆ ಬಾ."

"ಯಾಕಜ್ಜಿ? ಯಾವ ದೇವರು ಅದು, ನಿಮಗೆ ಗೊತ್ತಾ?"

"ನಾನು ಅವನನ್ನ ನೋಡಿಲ್ಲ" ಎಂದೆ. "ಚೌಡಮ್ಮನ ಮೊಮ್ಮಗ."